ಬಯಲಲ್ಲಿ ಮೊದಲ ಅಂಗಡಿ, ಕೈಯಲ್ಲಿ ಆರು ಸಾವಿರ: ಏನು ಕೊಳ್ಳಲಿ, ಏನು ಬಿಡಲಿ?

ಮಣ್ಣಿನೋಲೆ · ಜನವರಿ 28

ಮೈಸೂರಿನವಳು. ನಾಲ್ಕು ವರ್ಷದಿಂದ ಟೆರಾಕೋಟಾ ಓಲೆ, ಸರ, ಅಂಗೈಯಗಲದ ಹೂಕುಂಡ ಮಾಡಿ ಪರಿಚಯದವರಿಗೂ ಇನ್‌ಸ್ಟಾಗ್ರಾಂನಲ್ಲೂ ಮಾರ್ತಾ ಇದ್ದೀನಿ. ಜನರ ಎದುರು ನಿಂತು ಮಾರಿದ್ದೇ ಇಲ್ಲ. ಈಗ ಬೆಂಗಳೂರಿನ ಒಂದು ಪಾರ್ಕಿನಲ್ಲಿ ನಡೆಯೋ ಕರಕುಶಲ ಸಂತೆಯಲ್ಲಿ ಜಾಗ ಸಿಕ್ಕಿದೆ. ಫೆಬ್ರವರಿ ಕೊನೆಯ ಶನಿವಾರ, ಭಾನುವಾರ. ಬೆಳಿಗ್ಗೆ 10ರಿಂದ ರಾತ್ರಿ 8. ಬಾಡಿಗೆ 4,500 ಕಟ್ಟಾಯ್ತು. ಅದಕ್ಕೆ ಅವರು ಕೊಡೋದು 10×10 ಅಡಿ ನೆಲ, ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ನೆರಳು ನಮ್ಮದೇ, ದೀಪ ನಮ್ಮದೇ.

ಬಾಡಿಗೆ ಬಿಟ್ಟು ಕೈಯಲ್ಲಿರೋದು 6,000. ಆನ್‌ಲೈನಿನಲ್ಲಿ ಮಡಚೋ ಟೆಂಟ್ ಒಂದು 5,500ಕ್ಕೆ ಇದೆ. ತಗೊಂಡ್ರೆ ಮಿಕ್ಕಿದ್ದಕ್ಕೆಲ್ಲ ಐನೂರು. ಪಿಂಟರೆಸ್ಟಿನಲ್ಲಿ ನೋಡಿದರೆ ಎಲ್ಲರ ಅಂಗಡೀಲೂ ಮರದ ಕಪಾಟು, ಒಣಹೂವು, ಸೀರಿಯಲ್ ಲೈಟು. ನೋಡಿ ನೋಡಿ ತಲೆ ಕೆಟ್ಟಿದೆ. ಅಂಗಡಿ ಇಟ್ಟು ಗೊತ್ತಿರೋರು ಹೇಳಿ, ಎಲ್ಲಿ ಖರ್ಚು ಮಾಡ್ಲಿ?

ಬುಗುರಿಬಣ್ಣ · ಜನವರಿ 28

ಟೆಂಟ್ ಕೊಳ್ಳಬೇಡಿ. ಶಾಮಿಯಾನದವರ ಹತ್ತಿರ ಬಾಡಿಗೆಗೆ ತಗೊಳ್ಳಿ. ವರ್ಷಕ್ಕೆ ನಾಲ್ಕೈದು ಸಂತೆ ಗ್ಯಾರಂಟಿ ಅಂತಾದ ಮೇಲೆ ಸ್ವಂತದ್ದರ ಮಾತು. ಆ ಬೆಲೆಯ ಟೆಂಟಿನ ಕಾಲಿನ ಕೀಲು ಮೂರನೇ ಸಲಕ್ಕೇ ಸಡಿಲ ಆಗಿದ್ದನ್ನು ನಾನೇ ಅನುಭವಿಸಿದ್ದೀನಿ.

ಆದರೆ ನೆರಳಂತೂ ಬೇಕೇಬೇಕು, ಮತ್ತೆ ಅದು ಬಿಳಿಯದ್ದೇ ಆಗಿರಬೇಕು. ನಾನು ಚನ್ನಪಟ್ಟಣದ ಆಟಿಕೆ ಮಾರೋನು. ಮೊದಲ ವರ್ಷ ದುಡ್ಡು ಉಳಿಸೋಕೆ ಅಂಗಡಿಯಲ್ಲಿ ಸಿಗೋ ನೀಲಿ ತಾಡಪಾಲು ಕಟ್ಟಿದ್ದೆ. ಅದರಡಿ ಕೆಂಪು ಬುಗುರಿ ನೇರಳೆಯಾಗಿತ್ತು, ಹಳದಿ ಗಿಲಕಿ ಪಾಚಿ ಹತ್ತಿದ ಹಾಗಿತ್ತು, ನನ್ನ ಮುಖ ಮೂರು ದಿನ ಜ್ವರ ಮಲಗಿದವನ ಥರ. ಒಬ್ಬಮ್ಮ ಗಿಲಕಿ ಎತ್ತಿಕೊಂಡು ಬಿಸಿಲಿಗೆ ಹೋಗಿ ನೋಡಿ, "ಅಯ್ಯೋ, ಇದು ಹಳದೀನಾ!" ಅಂದ್ರು. ನಿಮ್ಮದು ಸುಟ್ಟ ಮಣ್ಣಿನ ಕೆಂಪು. ನೀಲಿ ಬೆಳಕು ಬಿತ್ತೋ, ಸಗಣಿ ಬಣ್ಣ.

ಇನ್ನೊಂದು, ನಿಮ್ಮ ಅಂಗಡಿಯ ಮುಖ ಯಾವ ದಿಕ್ಕಿಗೆ ಅಂತ ಆಯೋಜಕರನ್ನು ಈಗಲೇ ಕೇಳಿ. ಪಶ್ಚಿಮಕ್ಕಿದ್ದರೆ ಮೂರು ಗಂಟೆಯಿಂದ ಬಿಸಿಲು ಓರೆಯಾಗಿ ನುಗ್ಗಿ ಮೇಜಿನ ಮೇಲೇ ಬೀಳುತ್ತೆ, ಮೇಲೆ ಎಷ್ಟೇ ಹೊದಿಸಿ ಪ್ರಯೋಜನ ಇಲ್ಲ. ನಮ್ಮ ಆಟಿಕೆಗೆ ಹಾಕೋ ಅರಿಶಿನದ ಹಳದಿ ಬಣ್ಣ ಬಿಸಿಲನ್ನು ತಡೆಯಲ್ಲ. ಒಂದು ಬೇಸಿಗೆ ಸಂತೆ ಮುಗಿಸಿ ಬಂದಾಗ ನನ್ನ ಹಳದಿ ಆನೆಗಳ ಒಂದು ಮಗ್ಗುಲು ಪೇಲವ, ಇನ್ನೊಂದು ಮಗ್ಗುಲು ಹೊಸದು. ಮಣ್ಣಿಗೆ ಆ ಭಯ ಇಲ್ಲ ಬಿಡಿ, ಆದರೆ ಗಿರಾಕಿಗೆ ಕಣ್ಣು ಕುಕ್ಕಿದರೆ ನಿಲ್ಲೋದಿಲ್ಲ. ಪೂರ್ವಕ್ಕೋ ಉತ್ತರಕ್ಕೋ ಮುಖ ಸಿಕ್ಕರೆ ಸಾಕು, ಹಿಂದೆ ಪಕ್ಕದಲ್ಲಿ ಒಂದು ಬಟ್ಟೆ ಇಳಿಬಿಟ್ಟರೆ ಸಂಜೆವರೆಗೂ ತಂಪು.

ಗೆರೆಗಾರ · ಜನವರಿ 28

ಬಾಡಿಗೆ ಮಾತಿಗೆ ನನ್ನದೂ ಹೂಂ. ನಾನು ಚಿತ್ರ ಬರೆಯುವವನು. ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಬದಿ ಐದು ವರ್ಷ ಕೂತಿದ್ದೇನೆ. ಅಲ್ಲಿ ನೋಡಿ ಕಲಿತದ್ದೊಂದು: ಜನ ನಿಂತು ನೋಡಲ್ಲ, ನಡೀತಾ ನೋಡ್ತಾರೆ. ಹತ್ತು ಹೆಜ್ಜೆ ದೂರದಿಂದ ಏನು ಕಾಣುತ್ತೋ ಅದೇ ನಿಮ್ಮ ಅಂಗಡಿ. ಒಂದಿಂಚಿನ ಓಲೆ ಹತ್ತು ಹೆಜ್ಜೆಯಿಂದ ಕಾಣೋದೇ ಇಲ್ಲ. ಹಾಗಾಗಿ ದೂರಕ್ಕೆ ಕಾಣೋ ಒಂದು ದೊಡ್ಡ ವಸ್ತು ಬೇಕು. ದೊಡ್ಡದೊಂದು ಸರ ಮಾಡಿ, ಮಾರೋಕಲ್ಲ, ಎರಡಡಿಯದ್ದು, ಹಿಂದಿನ ಬಟ್ಟೆ ಮೇಲೆ ತೂಗುಹಾಕಿ. ಹೆಸರು ಬರೆದ ಬೋರ್ಡಿಗಿಂತ ಅದು ಮೇಲು.

ಬೋರ್ಡ್ ಅಂದ ಕೂಡಲೇ ಫ್ಲೆಕ್ಸ್ ಮಾಡಿಸಬೇಡಿ. ರಾಜ್ಯದಲ್ಲಿ 2016ರಿಂದ ಅದಕ್ಕೆ ನಿಷೇಧ ಇದೆ. ಅದೂ ಅಲ್ಲದೆ ಕೈಯಲ್ಲಿ ಮಾಡಿದ ಮಣ್ಣಿನ ಒಡವೆ ಹಿಂದೆ ಹೊಳೆಯೋ ಫ್ಲೆಕ್ಸ್ ನೋಡಿದ್ರೆ ನನಗೆ ಹಲ್ಲು ಜುಮ್ಮೆನ್ನುತ್ತೆ. ಗೋಡೆ ಬರಹದವರು ಯಾರಾದರೂ ಸಿಕ್ಕರೆ ಕಾಡಾ ಬಟ್ಟೆ ಮೇಲೆ ಬರೆಸಿ. ಸುತ್ತಿ ಬ್ಯಾಗಿಗೆ ಹಾಕ್ಕೋಬಹುದು.

ಕಸೂತಿ_ಧಾರವಾಡ · ಜನವರಿ 29

ನೋಡ್ರಿ ಅಕ್ಕಾರ, ಟೇಬಲ್ ಮ್ಯಾಲ ಎಲ್ಲಾ ಚಪ್ಪಟಿ ಹಾಸಬ್ಯಾಡ್ರಿ. ನಾ ಮೊದಲನೇ ಸಲ ನಮ್ಮ ಧಾರವಾಡ ಕೃಷಿ ಮ್ಯಾಳದಾಗ ಅಂಗಡಿ ಇಟ್ಟಾಗ ಸೀರಿ, ದುಪಟ್ಟಾ ಎಲ್ಲಾ ಘಡಿ ಮಾಡಿ ಥರಾಥರ ಹಚ್ಚಿದ್ದೆ, ಅಂಗಡಿ ಕಪಾಟಿನಾಗ ಇಟ್ಟಂಗ. ಸಪ್ಟಂಬರ್ ಮಳಿ, ಕೆಳಗ ಎರಿ ಮಣ್ಣಿನ ಕೆಸರು, ಮಂದಿ ಕಾಲು ನೋಡ್ಕೋತ ಹೊಂಟಾರ, ನನ್ನ ಘಡಿ ಯಾರು ನೋಡ್ಬೇಕು? ಮಧ್ಯಾಹ್ನದ ಮ್ಯಾಲ ಬ್ಯಾಸತ್ತು ಒಂದು ದುಪಟ್ಟಾ ಬಿಚ್ಚಿ ಗಳಕ್ಕ ಇಳಿಬಿಟ್ಟೆ. ಬೋಣಿ ಆಗಿದ್ದು ಆವಾಗ.

ನಮ್ಮ ಕಸೂತಿಯಾಗ ಗವಂತಿ ಅನ್ನೂ ಹೊಲಿಗಿ ಎರಡೂ ಕಡೆ ಒಂದ ಥರ ಕಾಣತದ, ಗಂಟು ಇರಂಗಿಲ್ಲ. ಈಗ ನಾ ಒಂದು ತುಣುಕು ಬಟ್ಟಿ ಹಗ್ಗಕ್ಕ ನೇತು ಹಾಕಿ "ತಿರುವಿ ನೋಡ್ರಿ" ಅಂತ ಚೀಟಿ ಹಚ್ಚತೀನಿ. ತಿರುವಿದವರು ಮುಂದ ಹೋಗೂದಿಲ್ಲ, ಕೇಳತಾರ. ನಿಮ್ಮ ಮಣ್ಣಿಗೂ ಹಂಗ ಏನರ ಒಂದು ಹುಡುಕ್ರಿ, ಕೈ ಹಚ್ಚುವಂಥಾದ್ದು. ಹಸಿ ಮಣ್ಣಿನ ಓಲಿ ಒಂದು, ಸುಟ್ಟಿದ್ದು ಒಂದು, ಜೋಡಿಸಿ ಇಡ್ರಿ. ಸುಟ್ಟ ಮ್ಯಾಲ ಎಷ್ಟು ಸಣ್ಣದಾಗತದ ಅಂತ ಮಂದಿಗೆ ಗೊತ್ತಿರಂಗಿಲ್ಲ.

ಕಡಲಾಚೆ · ಜನವರಿ 29

ಕ್ಯಾಲಿಫೋರ್ನಿಯಾದಿಂದ. ಇಲ್ಲಿ ವಾರಾಂತ್ಯದ ಮೇಳಗಳಲ್ಲಿ ಕೈಯಿಂದ ಮಾಡಿದ ಸಾಬೂನು ಮಾರುತ್ತೇನೆ. ಒಂದೇ ಒಂದು ಮಾತು: ತೂಕ. ಇಲ್ಲಿ ಹೆಚ್ಚಿನ ಮೇಳ ಡಾಂಬರಿನ ಪಾರ್ಕಿಂಗ್ ಲಾಟ್‌ನಲ್ಲಿ, ಗೂಟ ಹೊಡೆಯುವ ಹಾಗಿಲ್ಲ. ಟೆಂಟಿನ ಪ್ರತಿ ಕಾಲಿಗೂ 40 ಪೌಂಡ್, ಅಂದರೆ 18 ಕೆ.ಜಿ. ಕಟ್ಟಬೇಕು ಅಂತ ಎಷ್ಟೋ ಕಡೆ ನಿಯಮವೇ ಇದೆ. ಕಟ್ಟದಿದ್ದವರ ಟೆಂಟ್ ಎದ್ದು ಮಗುಚಿ ಪಕ್ಕದ ಗಾಜಿನ ಅಂಗಡಿ ಮೇಲೆ ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಲೆಕ್ಕದಮೇಷ್ಟ್ರು · ಜನವರಿ 29

ಕಡಲಾಚೆಯವರ ಮಾತಿಗೆ ಲೆಕ್ಕ ಕೊಡ್ತೀನಿ. ಗಂಟೆಗೆ 40 ಕಿ.ಮೀ. ವೇಗದ ಗಾಳಿ ಎದುರಿಗೆ ಸಿಕ್ಕ ಒಂದು ಚದರ ಮೀಟರನ್ನು ಸುಮಾರು ಏಳೂವರೆ ಕೆ.ಜಿ. ತೂಕದಷ್ಟು ಬಲದಿಂದ ತಳ್ಳುತ್ತೆ. 10×10 ಅಡಿ ಮಾಡು ಅಂದರೆ ಒಂಬತ್ತು ಚದರ ಮೀಟರಿಗಿಂತ ತುಸು ಜಾಸ್ತಿ. ಗಾಳಿ ಅಡಿಯಿಂದ ನುಗ್ಗಿದರೆ 70 ಕೆ.ಜಿ. ಎತ್ತುವಷ್ಟು ಬಲ. ನಾಲ್ಕು ಕಾಲಿಗೆ ಹದಿನೆಂಟರಂತೆ 72. ನೋಡಿ, ಅವರ ನಿಯಮ ಸುಮ್ಮನೆ ಬಂದದ್ದಲ್ಲ. ವೇಗ ಒಂದೂವರೆ ಪಟ್ಟಾದರೆ ಬಲ ಎರಡೂಕಾಲು ಪಟ್ಟು, ಆಗ ಟೆಂಟ್ ಇಳಿಸೋದೇ ಬುದ್ಧಿವಂತಿಕೆ.

ನಮ್ಮಲ್ಲಿ ಮರಳು ಚೀಲ ಹೊರೋದು ಬೇಡ. ಕುಡಿಯೋ ನೀರಿನ 20 ಲೀಟರ್ ಕ್ಯಾನ್ ಇದ್ಯಲ್ಲ, ತುಂಬಿದರೆ 20 ಕೆ.ಜಿ. ಖಾಲಿ ತಗೊಂಡು ಹೋಗಿ, ಅಲ್ಲೇ ನಲ್ಲೀಲಿ ತುಂಬಿಸಿ, ಕಾಲಿನ ಬುಡದಲ್ಲಿಟ್ಟು ಟೆಂಟಿನ ಮೇಲ್ಮೂಲೆಯಿಂದ ಹಗ್ಗ ಇಳಿಸಿ ಬಿಗಿಯಾಗಿ ಕಟ್ಟಿ. ಕಾಲಿಗೆ ಮಾತ್ರ ಕಟ್ಟಿದರೆ ಮಾಡು ಹೊಯ್ದಾಡುತ್ತೆ. ಸಂಜೆ ಗಿಡಗಳಿಗೆ ಸುರಿದು ಬನ್ನಿ.

ಫೆಬ್ರವರಿಯಲ್ಲಿ ಮಳೆ ಭಯ ಕಮ್ಮಿ. ಏಪ್ರಿಲ್, ಮೇನಲ್ಲಿ ಹೋಗೋರಿಗೆ ಮಾತ್ರ ಹೇಳ್ತೀನಿ: ಅಷ್ಟಗಲದ ಮಾಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಅಂದರೆ 93 ಲೀಟರ್ ನೀರು. ಬಟ್ಟೆ ಜೋಲು ಬಿದ್ದು ನಡುವೆ ಹೊಂಡ ಆಯ್ತೋ, ಕಂಬಿ ಬಾಗುತ್ತೆ.

ಹಾಳೆತಟ್ಟೆ · ಜನವರಿ 29

ನಮ್ಮ ಪುತ್ತೂರಿನ ಕಡೆ ಜಾತ್ರೆಯ ಬಳೆ ಅಂಗಡಿಯವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದೇ ಇಲ್ಲ ಮಾರಾಯ್ರೆ. ನಾಲ್ಕು ಗಳ, ಒಂದು ತಾಡಪಾಲು, ಮೆಟ್ಟಿಲು ಹಾಗೆ ಹಲಗೆ, ಮೇಲಿಂದ ಕೆಳಗೆ ಬಳೆ. ಹದಿನೈದು ನಿಮಿಷದ ಕೆಲಸ. ಮತ್ತೆ ಅಲ್ಲಿ ಸೇರುವಷ್ಟು ಹೆಂಗಸರು ಇಂಥ ಸಂತೆಯ ಯಾವ ಅಂಗಡಿಯಲ್ಲೂ ಸೇರುವುದಿಲ್ಲ. ಯಾಕೆ ಅಂತ ಯೋಚಿಸಿ. ಮಾಲು ತುಂಬಿ ತುಳುಕುತ್ತದೆ, ಅದಕ್ಕೆ. ಈ ಪಾರ್ಕಿನ ಸಂತೆಗಳಲ್ಲಿ ಮೇಜಿನ ಮೇಲೆ ಆರೇ ಆರು ಓಲೆ ಇಟ್ಟು ಪಕ್ಕದಲ್ಲಿ ಒಂದು ಬೆಣಚುಕಲ್ಲು ಇಡುತ್ತಾರೆ. ನೋಡಿದ ಕೂಡಲೇ ಗೊತ್ತಾಗುತ್ತದೆ, ಇದು ನಮ್ಮ ಕಿಸೆಗಲ್ಲ ಅಂತ.

ಗೆರೆಗಾರ · ಜನವರಿ 29

ಬಳೆಗೆ ಸರಿ. ಬಳೆ ಡಜನ್ ಲೆಕ್ಕ, ಬಣ್ಣ ಬಣ್ಣ ಸೇರಿದಷ್ಟೂ ಚೆಂದ. ಇವರದ್ದು ಜೋಡಿಗೆ 250ರ ಓಲೆ, ಕೈಯಲ್ಲಿ ಗೆರೆ ಕೊರೆದದ್ದು. ರಾಶಿ ಹಾಕಿದರೆ 50 ರೂಪಾಯಿಯದ್ದರ ಹಾಗೆ ಕಾಣುತ್ತೆ. ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ಗೋಪುರದ ಹಾಗೆ ರಾಶಿ ಮಾಡ್ತಾರೆ, ಕಣ್ಣಿಗೆ ಹಬ್ಬ. ಆದರೆ ಅದು ಕಡಲೆಕಾಯಿ ಸ್ವಾಮಿ.

ಬರೀಗಿರಾಕಿ · ಜನವರಿ 30

ನಾನು ಮಾರೋಳಲ್ಲ, ಕೊಳ್ಳೋಳು. ಇಂಥ ಸಂತೆ ಒಂದೂ ಬಿಡಲ್ಲ. ಇಬ್ಬರ ಮಾತಲ್ಲೂ ಅರ್ಧರ್ಧ ನಿಜ ಇದೆ. ರಾಶಿ ಇದ್ದ ಕಡೆ ಕೈ ಹಾಕೋಕೆ ಸಂಕೋಚ ಇಲ್ಲ. ಮ್ಯೂಸಿಯಂ ಥರ ಜೋಡಿಸಿಟ್ಟಿದ್ದರೆ ಮುಟ್ಟೋಕೇ ಭಯ, ಮುಟ್ಟಿದ ಮೇಲೆ ಬಿಟ್ಟು ಹೋಗೋಕೆ ಮುಜುಗರ. ಮುಂದುಗಡೆ ಒಂದು ಬಿದಿರಿನ ಮೊರದಲ್ಲಿ ಸಣ್ಣಪುಟ್ಟದ್ದು ಸುರಿದು "ಯಾವುದೇ ತಗೊಳ್ಳಿ 60" ಅಂತ ಇಡಿ, ಹಿಂದೆ ಎತ್ತರದಲ್ಲಿ ಒಳ್ಳೇದನ್ನು ಬಿಡಿಬಿಡಿಯಾಗಿ ನೇತುಹಾಕಿ. ನಾನು ಮೊರ ಕೆದಕೋ ನೆಪದಲ್ಲಿ ಮೇಲಿನದನ್ನು ಕದ್ದು ನೋಡ್ತೀನಿ. ಯಾವಾಗಲೂ ಹೀಗೇ.

ಇನ್ನು ನನ್ನ ದೂರುಗಳು. ಬೆಲೆ ಬರೆಯದ ಅಂಗಡಿಯಲ್ಲಿ ನಾನು ಕೇಳೋದೇ ಇಲ್ಲ. ಕೇಳಿ, ಜಾಸ್ತಿ ಅನ್ನಿಸಿ, ಪೆಚ್ಚಾಗಿ ನಕ್ಕು ಹೋಗೋದಕ್ಕಿಂತ ಕೇಳದೇ ಹೋಗೋದು ವಾಸಿ. ಎರಡನೇದು, ಓಲೆ ಅಂಗಡಿಯಲ್ಲಿ ಕನ್ನಡಿ ಇಲ್ಲದಿರೋದು. ಅಂಗೈಯಗಲದ್ದಲ್ಲ, ಮುಖ ಕುತ್ತಿಗೆ ಎರಡೂ ಕಾಣೋದು, ನಿಂತವರ ಮುಖದ ಎತ್ತರಕ್ಕೆ. ಮೂರನೇದು, ಮೇಜಿನ ಹಿಂದೆ ಕೂತು ಮೊಬೈಲ್ ನೋಡೋರು. ಎದ್ದು ನಿಂತು ಮೈಮೇಲೂ ಬೀಳಬೇಡಿ, ಏನೋ ಕೆಲಸ ಮಾಡ್ತಾ ಇರಿ. ಮಣ್ಣು ನಾದ್ತಾ ಕೂತರೆ ನಾನಂತೂ ನಿಂತೇ ನಿಲ್ತೀನಿ.

ಬೀದರಿನೆಳೆ · ಜನವರಿ 30

ಹಿನ್ನೆಲೆ ಬಟ್ಟೆ ಬಗ್ಗೆ ಯಾರೂ ಹೇಳಿಲ್ಲ. ನಂದು ಬಿದರಿ ಕೆಲಸ. ಸತು, ತಾಮ್ರದ ಎರಕ. ಬೀದರ್ ಕೋಟೆಯ ಮಣ್ಣು ಹಚ್ಚಿ ಕಪ್ಪು ಮಾಡಿದ ಮ್ಯಾಲ ಬೆಳ್ಳಿ ಎಳೆ ಎದ್ದು ಕಾಣ್ತದ. ಬೆಳ್ಳಿ ಎದ್ದು ಕಾಣಲಿ ಅಂತ ಮೊದಲಿಗೆ ಕಪ್ಪು ಮಖಮಲ್ ಹಾಸಿದ್ದೆ. ಬೆಳ್ಳಿ ಕಾಣ್ತು, ಹೂಜಿನೇ ಕಾಣಲಿಲ್ಲ! ಕತ್ತಲದಾಗ ಬಳ್ಳಿ ತೇಲಾಡಿದಂಗ ಇತ್ತು. ಈಗ ಬೂದಿ ಬಣ್ಣದ ಖಾದಿ. ನಿಮ್ಮ ಕೆಂಪು ಮಣ್ಣಿಗೆ ಕಂದು, ಮರದ ಬಣ್ಣ ಹಾಕಬ್ಯಾಡ್ರಿ, ಕಲಸಿ ಹೋಗ್ತದ. ಕೋರಾ ಬಟ್ಟೆ ಭೇಷ್. ನೆಲ ಮುಟ್ಟೋ ತನಕ ಇಳಿಬಿಡ್ರಿ. ಖಾಲಿ ಡಬ್ಬಿ, ಊಟದ ಚೀಲ, ಎಲ್ಲಾ ಅದರ ಹಿಂದ ಮುಚ್ಚಿ ಹೋಗ್ತಾವ.

ಬುಗುರಿಬಣ್ಣ · ಜನವರಿ 30

ದೀಪಾನೂ ಮರೆಯಬೇಡಿ. ಫೆಬ್ರವರಿ ಕೊನೇಲಿ ಬೆಂಗಳೂರಲ್ಲಿ ಆರೂವರೆಗೆಲ್ಲ ಹೊತ್ತು ಮುಳುಗುತ್ತೆ, ಸಂತೆ ಎಂಟರವರೆಗೆ. ಶನಿವಾರ ಸಂಜೆಯ ಆ ಒಂದೂವರೆ ಗಂಟೆ ಇದ್ಯಲ್ಲ, ನನ್ನ ವ್ಯಾಪಾರ ಇಡೀ ಬೆಳಗಿಗಿಂತ ಜಾಸ್ತಿ ಆಗೋದು ಆಗಲೇ. ಚಾರ್ಜ್ ಮಾಡೋ ಎಲ್‌ಇಡಿ ಬಲ್ಬ್ ಮೂರು ಸಾಕು. ಟ್ಯೂಬ್‌ಲೈಟ್ ಬಿಳಿ ತಗೋಬೇಡಿ, ಮಣ್ಣು ಬೂದಿಬೂದಿ ಕಾಣುತ್ತೆ. ಡಬ್ಬಿ ಮೇಲೆ 3000 ಕೆಲ್ವಿನ್ ಅಂತಿರೋ ಹಳದಿ ಛಾಯೆಯದ್ದು ಕೇಳಿ. ನೆತ್ತಿ ಮೇಲೆ ಕಟ್ಟಿದರೆ ಗಿರಾಕಿಯ ನೆರಳೇ ಮಾಲಿನ ಮೇಲೆ ಬೀಳುತ್ತೆ. ಮುಂದಿನ ಕಂಬಿಗೆ ಕಟ್ಟಿ ಒಳಮುಖ ತಿರುಗಿಸಿ.

ಲೆಕ್ಕದಮೇಷ್ಟ್ರು · ಜನವರಿ 30

ದುಡ್ಡಿನ ಕಡೆ ಎರಡು ಮಾತು. ಕ್ಯೂಆರ್ ಚೀಟಿ ಎರಡು ಕಡೆ ಅಂಟಿಸಿ, ಹೊಳೆಯೋ ಲ್ಯಾಮಿನೇಷನ್ ಬೇಡ, ಬಿಸಿಲಿಗೆ ಸ್ಕ್ಯಾನ್ ಆಗಲ್ಲ. ಜನ ತುಂಬಿದ ಪಾರ್ಕಿನಲ್ಲಿ ನೆಟ್‌ವರ್ಕ್ ಸಂಜೆ ಕೈಕೊಡುತ್ತೆ. ಎರಡು ಕಂಪನಿಯ ಸಿಮ್ ಇರಲಿ. 10, 20, 50ರ ನೋಟಿನಲ್ಲಿ ಎರಡು ಸಾವಿರ ಚಿಲ್ಲರೆ ಇರಲಿ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗಿನಿಂದ ಎಷ್ಟೋ ಜನ ಕ್ಯೂಆರ್ ಇಡೋಕೇ ಹೆದರ್ತಾರೆ. ಬರೀ ಸರಕು ಮಾರೋರಿಗೆ, ಅದೂ ರಾಜ್ಯದ ಒಳಗೆ, ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾತು. ಓಲೆ ಮಾರಿ ಅಲ್ಲಿಗೆ ಮುಟ್ಟಿದರೆ ಇಲ್ಲಿ ಎಲ್ಲರಿಗೂ ಊಟ ಹಾಕಿಸಿ.

ಮಣ್ಣಿನೋಲೆ · ಫೆಬ್ರವರಿ 12

ಎಲ್ಲರಿಗೂ ಉಪಕಾರ. ಟೆಂಟ್ ಕೊಳ್ಳಲಿಲ್ಲ. ಭಾನುವಾರ ತಾರಸಿ ಮೇಲೆ ಬಟ್ಟೆ ಒಣಹಾಕೋ ಕಂಬಕ್ಕೆ ಪಂಚೆ ಕಟ್ಟಿ, ಊಟದ ಮೇಜು ಹೊರಿಸಿ, ಪೂರ್ತಿ ಅಂಗಡಿ ಹೂಡಿ ನೋಡಿದೆ. ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತರೆ ಏನೂ ಕಾಣಿಸಲಿಲ್ಲ, ಕೋರಾ ಬಟ್ಟೆ ಮೇಲೆ ಇರುವೆ ಸಾಲು! ಆಮೇಲೆ ಬೊಂಬೂ ಬಜಾರಿಗೆ ಹೋಗಿ ಎರಡು ಪುಟ್ಟ ಏಣಿ ಕಟ್ಟಿಸಿದೆ. ಮೆಟ್ಟಿಲಿಗೆ ಸುತಳಿ ಎಳೆದು ಓಲೆ ನೇತುಹಾಕಿದೆ. ಈಗ ಕಾಣ್ತಿದೆ. ಮೇಜು ಬಗ್ಗಿ ನೋಡೋ ಹಾಗಿತ್ತು, ಕಾಲಡಿಗೆ ಪಿವಿಸಿ ಪೈಪಿನ ತುಂಡು ಸಿಕ್ಕಿಸಿ ಆರಿಂಚು ಎತ್ತರಿಸೋದು ಅಂತ ಯೋಚನೆ, ಆದರೆ ಅವರ ಮೇಜಿನ ಕಾಲು ಎಷ್ಟು ದಪ್ಪ ಅಂತ ಗೊತ್ತಿಲ್ಲ.

ಲೆಕ್ಕ: ಬಿಳಿ ಟೆಂಟ್ ಎರಡು ದಿನಕ್ಕೆ ಸಾಗಾಟ ಸೇರಿ 1,800. ದೀಪ ಮೂರು 1,140. ಕೋರಾ ಬಟ್ಟೆ 720. ಬಟ್ಟೆ ಬೋರ್ಡು 500. ಏಣಿ 400. ಕನ್ನಡಿ 350. ಹಳೇ ನೀರಿನ ಕ್ಯಾನ್ ಎರಡು (ಎರಡು ಮನೇಲಿತ್ತು) 300. ಹಗ್ಗ, ಕ್ಲಿಪ್ಪು 260. ಒಟ್ಟು 5,470. ಮೊರ ಅತ್ತೆಯದ್ದು, ಕೇಳದೇ ತಗೊಂಡಿದ್ದೀನಿ.

ಕಸೂತಿ_ಧಾರವಾಡ · ಫೆಬ್ರವರಿ 12

ಪೈಪ್ ಬಿಡ್ರಿ, ನಾಕು ಇಟ್ಟಂಗಿ ಸಾಕು. ಮತ್ತ ಅತ್ತಿಯವರಿಗೆ ಮೊದಲ ಹೇಳ್ರಿ.

ಮಣ್ಣಿನೋಲೆ · ಮಾರ್ಚ್ 3

ವರದಿ. ಮೊದಲೇ ಹೇಳ್ಬಿಡ್ತೀನಿ, ಗಾಳಿ ಬರಲೇ ಇಲ್ಲ. ಎರಡೂ ದಿನ ಎಲೆ ಅಲ್ಲಾಡಲಿಲ್ಲ. ಬಂದದ್ದು ಹಕ್ಕಿ. ನನ್ನ ಜಾಗದ ಮೇಲೆ ದೊಡ್ಡ ಮಳೆಮರ, ಅದರ ತುಂಬ ಕಾಗೆ. ಹಿಂದೆ ಇಳಿಬಿಟ್ಟ ಕೋರಾ ಬಟ್ಟೆ ಮಧ್ಯಾಹ್ನದ ಹೊತ್ತಿಗೆ ನೋಡೋ ಹಾಗಿರಲಿಲ್ಲ. ಉಟ್ಟಿದ್ದ ಇಳಕಲ್ ಸೀರೆ ಬಿಚ್ಚೋ ಹಾಗಿಲ್ಲವಲ್ಲ, ಮನೆಯಿಂದ ತಂದಿದ್ದ ಹೊದಿಕೆಯನ್ನೇ ಅದರ ಮೇಲೆ ಕಟ್ಟಿದೆ. ಅದೂ ಕಂದು ಬಣ್ಣದ್ದು! ಬೀದರಿನೆಳೆಯವರೇ, ನೀವು ಹೇಳಿದ್ದು ಖರೆ, ಓಲೆ ಕಲಸಿ ಹೋಯ್ತು. ರಾತ್ರಿ ನೆಂಟರ ಮನೇಲಿ ಕೋರಾ ಬಟ್ಟೆ ಒಗೆದು ಫ್ಯಾನಿನಡಿ ಹಾಕಿ ಭಾನುವಾರ ಮತ್ತೆ ಕಟ್ಟಿದೆ.

ಇನ್ನೊಂದು, ನೆಲ ಇಳಿಜಾರು. ತಾರಸಿ ಮೇಲೆ ಅದು ಗೊತ್ತಾಗೋದು ಹೇಗೆ? ಇಟ್ಟಿಗೆ ಹೇಳಿದ್ದರಿಂದ ಬಚಾವ್. ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು.

ಹೂಕುಂಡ ನಲವತ್ತು ಒಯ್ದಿದ್ದೆ, ಹೋದದ್ದು ಏಳು. ಎಲ್ಲರೂ ಎತ್ತಿ ನೋಡಿ, "ಚೆನ್ನಾಗಿದೆ, ಹೋಗ್ತಾ ತಗೋತೀವಿ" ಅಂದ್ರು, ಇನ್ನೊಂದು ಗೇಟಿನಿಂದ ಹೋಗಿರಬೇಕು. ಹೊತ್ತುಕೊಂಡು ಸುತ್ತೋಕೆ ಯಾರಿಗೆ ಬೇಕು. ಓಲೆ 58 ಜೋಡಿ. ಮೊರದಿಂದ ಶುರು ಮಾಡಿ ಏಣಿಗೆ ಕಣ್ಣು ಹಾಯಿಸೋರನ್ನು ನೋಡಿದಾಗೆಲ್ಲ ಬರೀಗಿರಾಕಿಯವರ ನೆನಪಾಗ್ತಿತ್ತು. ನೀವೇನಾದರೂ ಬಂದಿದ್ರಾ? ಹಸಿರು ಕುರ್ತಾದವರೊಬ್ಬರು ಅರ್ಧ ಗಂಟೆ ಮೊರ ಕೆದಕಿ ಏನೂ ತಗೊಳ್ಳದೆ ಹೋದರು.

ಗೆರೆಗಾರರು ಹೇಳಿದ ಎರಡಡಿಯ ಸರ ಮಾಡಿದ್ದೆ. ಅದನ್ನು ಕೇಳಿದವರು ಹದಿನಾಲ್ಕು ಮಂದಿ. ಮಾರೋದಕ್ಕಲ್ಲ ಅಂದು ಅಂದು ಸಾಕಾಗಿ, ಭಾನುವಾರ ಸಂಜೆ ಒಬ್ಬರು 1,800 ಅಂದಾಗ ಕೊಟ್ಟುಬಿಟ್ಟೆ. ಗೋಡೆಗೆ ಹಾಕ್ತಾರಂತೆ.

ಲೆಕ್ಕದಮೇಷ್ಟ್ರು · ಮಾರ್ಚ್ 3

ಒಟ್ಟು ಎಷ್ಟಾಯ್ತು? ಮಣ್ಣು, ಗೂಡಿನ ಸೌದೆ, ನಿಮ್ಮ ಕೂಲಿ ಎಲ್ಲ ಕಳೆದು ಹೇಳಿ. ಬಟ್ಟೆ, ದೀಪ, ಕನ್ನಡಿ ಮುಂದಿನ ಸಂತೆಗೂ ಬರುತ್ತೆ, ಅದನ್ನೆಲ್ಲ ಈ ಒಂದರ ತಲೆಗೆ ಕಟ್ಟಬೇಡಿ.

ಮಣ್ಣಿನೋಲೆ · ಮಾರ್ಚ್ 4

ಕೈಗೆ ಬಂದದ್ದು 18,240. ಜಾಗದ ಬಾಡಿಗೆ 4,500, ಟೆಂಟ್ 1,800, ಓಡಾಟ ಊಟ 2,300 ಕಳೆದರೆ 9,640. ಕೂಲಿ ಕಳೆಯೋಕೆ ಇನ್ನೂ ಧೈರ್ಯ ಬಂದಿಲ್ಲ ಮೇಷ್ಟ್ರೇ.

ನಿಮ್ಮ ನೀರಿನ ಕ್ಯಾನ್ ಕಥೆ ಕೇಳಿ. ಭಾನುವಾರ ಐದು ಗಂಟೆಗೆ ನೋಡ್ತೀನಿ, ಹಿಂದಿನ ಮೂಲೆಯ ಕ್ಯಾನು ಮುಕ್ಕಾಲು ಖಾಲಿ. ಸೋರಿದೆಯಾ ಅಂತ ಬಗ್ಗಿ ತಡವಿದರೆ ನೆಲ ಒಣಗಿದೆ. ಹಿಂದಿನ ಸಾಲಿನಲ್ಲಿ ಚಹಾ ಮಾರೋ ಹುಡುಗ, "ಅಕ್ಕಾ, ನೀವು ಎಲ್ಲರಿಗೂ ಅಂತ ಇಟ್ಟಿದ್ದೀರ ಅಂದ್ಕೊಂಡೆ" ಅಂದ. ಬೆಳಗಿಂದ ನಾನು ಅವನ ಹತ್ತಿರ ಆರು ಚಹಾ ಕುಡಿದಿದ್ದೆ, ಆರಕ್ಕೂ ದುಡ್ಡು ಕೊಟ್ಟು.